ರಿವರ್ಸ್ ಇಲ್ಲದ ಅಂಬಾಸಡರ್

ಬಾಡಿಗೆ ಕಾರು ಮನೆ ಮುಂದೆ ಬಂದು ನಿಂತರೆ ನಾನು ತಕ್ಷಣ ಹತ್ತುವುದಿಲ್ಲ. ಡ್ರೈವರನ ಕಿಟಕಿಯ ಹತ್ತಿರ ಬಗ್ಗಿ, "ಒಂದ್ಸಲ ಹಿಂದಕ್ಕೆ ತಗೊಳ್ಳಪ್ಪ, ನೋಡೋಣ" ಅನ್ನುತ್ತೇನೆ. ಹುಡುಗರು ತಬ್ಬಿಬ್ಬಾಗುತ್ತಾರೆ. ಒಬ್ಬ, "ಯಾಕಜ್ಜಿ, ಟೈರು ಕಾಲ್ಮೇಲೆ ಬಂತಾ?" ಎಂದು ಗಾಬರಿಯಿಂದ ಇಳಿದೇಬಿಟ್ಟಿದ್ದ. ಇನ್ನೊಬ್ಬ ಮಾತೇ ಆಡದೆ ಮೊಬೈಲ್ ಒತ್ತಿ ಬಾಡಿಗೆ ರದ್ದು ಮಾಡಿಕೊಂಡು ಹೋದ. ನನ್ನ ಸೊಸೆಗೆ ಇದೆಲ್ಲ ನಾಚಿಕೆಯ ವಿಷಯ. ನೆಂಟರ ಎದುರಿಗೆ, "ಅತ್ತೆಗೆ ಏನೋ ಒಂದು ಅಭ್ಯಾಸ" ಎಂದು ನಕ್ಕು ಮಾತು ಮುಗಿಸುತ್ತಾಳೆ.

ಮೊನ್ನೆ ಅವಳ ತಮ್ಮ ಹಳೇ ಕಾರೊಂದನ್ನು ಕೊಂಡು ತೋರಿಸಲು ತಂದಿದ್ದ. ಕಾರಿಗಿಂತ ಹೆಚ್ಚಾಗಿ ಅವನು ತೋರಿಸಿದ್ದು ಮೊಬೈಲನ್ನು. ಅದರಲ್ಲಿ ಉದ್ದಕ್ಕೂ ಹಸಿರು ಗುರುತುಗಳು. ಮಾರುವವರೇ ಯಂತ್ರ ಇಟ್ಟು ಎಲ್ಲವನ್ನೂ ಪರೀಕ್ಷೆ ಮಾಡಿ ಕೊಟ್ಟಿದ್ದಾರಂತೆ. ಮಾರುವವನೇ ಪರೀಕ್ಷಿಸಿ ಮಾರುವವನೇ ಪಾಸು ಮಾಡಿದ್ದರಲ್ಲಿ ಆ ಹುಡುಗನಿಗೆ ತಮಾಷೆಯೇನೂ ಕಾಣಲಿಲ್ಲ. "ಸಾಲಾನೂ ಅವ್ರೇ ಕೊಡ್ಸಿದ್ರು ಆಂಟಿ, ಅರ್ಧ ಗಂಟೇಲಿ" ಎಂದು ಹೆಮ್ಮೆಯಿಂದ ಹೇಳಿದ. ನನಗೆ ನಗು ತಡೆಯಲಾಗಲಿಲ್ಲ. ಅಪ್ಪಾ, ನಿನ್ನ ಕಾರನ್ನು ಯಂತ್ರ ನೋಡಿದೆ. ನಮ್ಮ ಕಾರನ್ನು ಒಂದು ಇಡೀ ಡಿಪಾರ್ಟ್‌ಮೆಂಟು ನೋಡಿತ್ತು.

ನಮ್ಮ ಯಜಮಾನರು ಪೀಣ್ಯದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಇನ್‌ಸ್ಪೆಕ್ಷನ್‌ನವರು ಎಂದರೆ ಯಾರೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾರ್ಖಾನೆಯಲ್ಲಿ ಉಳಿದವರೆಲ್ಲ ಏನಾದರೊಂದು ಮಾಡುತ್ತಾರೆ. ಇವರು ಏನೂ ಮಾಡುವುದಿಲ್ಲ, ಮಾಡಿದ್ದು ಸರಿಯಿಲ್ಲ ಎಂದು ಹೇಳುತ್ತಾರೆ. ಅದಕ್ಕೇ ಸಂಬಳ, ಬೋನಸ್ಸು, ಕ್ಯಾಂಟೀನಿನಲ್ಲಿ ಅಗ್ಗದ ಊಟ. ಸರಿಯಿದ್ದರೆ ಹಸಿರು ಚೀಟಿ ಕಟ್ಟುತ್ತಾರೆ, ಇಲ್ಲದಿದ್ದರೆ ಕೆಂಪು. ಒಮ್ಮೆ ಹಸಿರು ಚೀಟಿ ಕಟ್ಟಿ ಸಹಿ ಹಾಕಿದ ಮೇಲೆ ಆ ವಸ್ತುವಿನಲ್ಲಿ ದೋಷವಿದೆ ಎಂದು ಬ್ರಹ್ಮ ಬಂದು ಹೇಳಿದರೂ ಒಪ್ಪುವುದು ಅವರ ಧರ್ಮದಲ್ಲಿಲ್ಲ.

ಈ ರೋಗ ಗೇಟಿನ ಹೊರಗೂ ಬರುತ್ತಿತ್ತು. ದೋಸೆಯನ್ನು ಬೆಳಕಿಗೆ ಹಿಡಿದು, "ಈ ಕಡೆ ದಪ್ಪ ಆಗಿದೆ ನೋಡು" ಅನ್ನುತ್ತಿದ್ದರು. ಕುಕ್ಕರಿನ ಗ್ಯಾಸ್ಕೆಟ್ಟು ತಂದರೆ ವರ್ನಿಯರ್ ಇಟ್ಟು ಅಳೆಯುತ್ತಿದ್ದರು. ಅಷ್ಟು ಹೊತ್ತು ಬೇಳೆ ಕಾಯಬೇಕು. ಬೆಳ್ಳಂದೂರಿಗೆ ನನ್ನನ್ನು ನೋಡಲು ಬಂದಾಗ ನಮ್ಮ ಮನೆಯ ಬಾಗಿಲ ಚೌಕಟ್ಟು ಮೂಲೆಮಟ್ಟಕ್ಕೆ ಇಲ್ಲ ಎಂದು ಕಂಡುಹಿಡಿದು ನಮ್ಮಣ್ಣನಿಗೆ ಹೇಳಿದ್ದರಂತೆ. ನನ್ನನ್ನು ಏನು ನೋಡಿದರೋ, ದೇವರಿಗೇ ಗೊತ್ತು. ಒಪ್ಪಿಗೆ ಎಂದು ಹೇಳಿಕಳಿಸಿದಾಗ ನಾನು ಹಸಿರು ಚೀಟಿ ಸಿಕ್ಕಿತೆಂದು ಬೀಗಿದ್ದೆ. ನನ್ನ ಬುದ್ಧಿಯೂ ಆಗ ಅಷ್ಟೇ ಇತ್ತು.

ನಮ್ಮ ಮನೆ ದಾಸರಹಳ್ಳಿಯಲ್ಲಿ, ತವರು ಬೆಳ್ಳಂದೂರಿನಲ್ಲಿ. ಎರಡೂ ಬೆಂಗಳೂರೇ ಎಂದು ಈಗಿನವರು ಹೇಳುತ್ತಾರೆ. ಆ ಎಂಬತ್ತರ ದಶಕದಲ್ಲಿ ಮೆಜೆಸ್ಟಿಕ್ಕಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಆಮೇಲೆ ಮೂರನೆಯದು ಬಂದರೆ ಬಂತು, ಇಲ್ಲವಾದರೆ ನಡಿಗೆ. ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ. ಬೆಳಗ್ಗೆ ಹೊರಟವಳು ಊರು ಸೇರುವಾಗ ಅವ್ವ ಮಧ್ಯಾಹ್ನದ ಪಾತ್ರೆ ತೊಳೆಯುತ್ತಿದ್ದಳು. ನನ್ನ ಮುಖ ನೋಡಿ ಮೊದಲು ಕೇಳುತ್ತಿದ್ದ ಮಾತೇ, "ಯಾವ ಬಸ್ಸಿಗೆ ವಾಪಸ್ ಓಗ್ಬೇಕವ್ವ?" ಬಂದ ಕೂಡಲೇ ಹೊರಡುವ ಲೆಕ್ಕ.

ನಮ್ಮ ಓಣಿ ಕೆರೆ ಏರಿಗೆ ತಾಗಿ ಮುಗಿಯುತ್ತಿತ್ತು. ಒಂದು ಕಡೆ ನಮ್ಮ ಮನೆ, ಎದುರಿಗೆ ದೊಡ್ಡಪ್ಪನ ಕೊಟ್ಟಿಗೆ, ಕೊನೆಯಲ್ಲಿ ಅವ್ವನ ಸೊಪ್ಪಿನ ಮಡಿ, ಅದರಾಚೆ ಏರಿ. ಗದ್ದೆ ಅಣ್ಣನದು, ಹಸು ಅಣ್ಣನದು, ಅದರ ದುಡ್ಡೂ ಅಣ್ಣನದು. ಸೊಪ್ಪು ಮಾತ್ರ ಅವ್ವನದು. ದಂಟು, ಹರಿವೆ, ಮೆಂತ್ಯ, ಸಬ್ಬಸಿಗೆ, ಒಂದು ಅಂಚಿಗೆ ಕೊತ್ತಂಬರಿ. ನಾನು ಚಿಕ್ಕವಳಿದ್ದಾಗ ಬಿಂದಿಗೆಯಲ್ಲಿ ಕೆರೆಯ ನೀರು ತಂದು ಹಾಕುವುದು ನನ್ನ ಕೆಲಸ. ಮೇಲಿಂದ ಸುರಿದರೆ ಬೈಗುಳ. ಅಂಗೈ ಅಡ್ಡ ಹಿಡಿದು, ನೀರು ಬೆರಳ ಸಂದಿಯಿಂದ ಇಳಿಯುವ ಹಾಗೆ ಹಾಕಬೇಕು. ಹರಿವೆ ಕಿತ್ತ ದಿನ ಬೆರಳೆಲ್ಲ ಕೆಂಪು. ಬಾಳೆ ನಾರಿನಲ್ಲಿ ಕಂತೆ ಕಟ್ಟಿ, ಒದ್ದೆ ಗೋಣಿ ಮುಚ್ಚಿ, ಅವ್ವ ತಲೆ ಮೇಲೆ ಬುಟ್ಟಿ ಹೊತ್ತು ಆ ಕಡೆಯ ಬೇರೊಂದು ಕಾರ್ಖಾನೆಯ ಕ್ವಾರ್ಟರ್ಸುಗಳ ಕಡೆ ಹೋಗುತ್ತಿದ್ದಳು. ನನ್ನ ಕಿವಿಯೋಲೆ ಆ ಸೊಪ್ಪಿನದು. ನನ್ನ ಬಾಣಂತನದ ಕೊಬ್ಬರಿ, ಬೆಲ್ಲ, ತುಪ್ಪವೂ ಆ ಸೊಪ್ಪಿನದೇ. ಯಾರ ಮುಂದೆಯೂ ಕೈ ಚಾಚದ ಹೆಂಗಸು ಎಂದು ಊರಲ್ಲಿ ಅವಳಿಗೆ ಹೆಸರಿತ್ತು.

ನಾನೂ ಅವಳ ಮಗಳೇ. ಬ್ಲೌಸು ಹೊಲಿದು, ಸೀರೆಗೆ ಫಾಲ್ಸು ಹಾಕಿ, ಆ ದುಡ್ಡಿನಲ್ಲಿ ನೆರೆಮನೆ ವಿಮಲಮ್ಮನ ಹತ್ತಿರ ಚೀಟಿ ಕಟ್ಟುತ್ತಿದ್ದೆ. ಯಜಮಾನರಿಗೆ ಕಾರಿನ ಹುಚ್ಚು ಹಿಡಿದಾಗ ಅವರ ಕೈಯಲ್ಲಿ ಮೊದಲ ಕಂತಿಗೂ ಕಾಸಿರಲಿಲ್ಲ. ನನ್ನ ಚೀಟಿಯ ಮೇಲೆ ಕಣ್ಣು ಬಿತ್ತು. ನಾನು ಒಂದು ಷರತ್ತು ಹಾಕಿದೆ: ತಿಂಗಳಿಗೊಂದು ಭಾನುವಾರ ಬೆಳ್ಳಂದೂರು. "ತಿಂಗಳಿಗೇನು, ವಾರವಾರ ಹೋಗೋಣ ಕಣೇ. ಬೆಳಿಗ್ಗೆ ಹೋಗಿ ನಿಮ್ಮಮ್ಮನ ಕೈ ಬಸ್ಸಾರು ಉಂಡು ಸಾಯಂಕಾಲ ಬಂದ್ಬಿಡೋದು" ಅಂದರು. ಆ ಮಾತು ನಂಬಿ ಚೀಟಿಯನ್ನು ನಷ್ಟಕ್ಕೆ ಕೂಗಿ ಎತ್ತಿದೆ.

ಕಾರು ಮಾರುವವನ ಹೆಸರು ಗೋವಿಂದರಾಜು. ಪೀಣ್ಯದಲ್ಲಿ ತಗಡಿನ ಶೆಡ್ಡು. ಮೇಲೆ 'ಆಟೋ ಕನ್ಸಲ್ಟೆಂಟ್' ಎಂದು ಬೋರ್ಡು. ಹಳೇ ಕಾರು ಮಾರುವವರೆಲ್ಲ ಆಗ ಹಾಗೇ ಕರೆದುಕೊಳ್ಳುತ್ತಿದ್ದರು. ಯಾರು ಯಾರಿಗೆ ಏನು ಸಲಹೆ ಕೊಟ್ಟರೋ ನಾನಂತೂ ಕಾಣೆ. ಅವನ ಅಂಗಳದಲ್ಲಿದ್ದ ಅಷ್ಟೂ ಕಾರು ಡಾಕ್ಟರುಗಳದ್ದು. "ಡಾಕ್ಟ್ರು ಗಾಡಿ ಸಾರ್, ಸಿಂಗಲ್ ಓನರ್. ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ" ಎಂದು ಒಂದೊಂದರ ತಲೆ ಸವರಿ ಹೇಳುತ್ತಿದ್ದ. ಬೆಂಗಳೂರಿನ ಡಾಕ್ಟರುಗಳೆಲ್ಲ ಇದ್ದಕ್ಕಿದ್ದಂತೆ ನಡೆದುಕೊಂಡು ಓಡಾಡಲು ನಿರ್ಧರಿಸಿದ್ದರೆಂದು ಕಾಣುತ್ತದೆ.

ಸಾಲ ಕೊಡುವ ಫೈನಾನ್ಸ್ ಕಂಪನಿ ಬೇರೆ. ಎಷ್ಟು ಬೇರೆ ಎಂದರೆ ನಡುವೆ ಒಂದು ಪ್ಲೈವುಡ್ ಹಲಗೆ. ಹಲಗೆಯ ಆಚೆ ಕೂತವನು ಗೋವಿಂದರಾಜುವಿನ ಅಕ್ಕನ ಗಂಡ. ಇವನು ನಮ್ಮನ್ನು ಈಚೆ ಕೂರಿಸಿ, ಸೋಡಾ ತರಿಸಿ, ನಮ್ಮ ಪರವಾಗಿ ಆಚೆ ಹೋಗುತ್ತಿದ್ದ. "ಭಾವ, ಪಾಪ ಫ್ಯಾಕ್ಟರಿ ಜನ, ಬಡ್ಡಿ ನೋಡ್ಕೊಂಡು ಹಾಕಿ" ಎಂದು ಇವನು ಅಂಗಲಾಚುವುದು, "ಆಗಲ್ಲ ಕಣೋ, ನಾನೂ ಮನೆ ನಡೆಸ್ಬೇಕು" ಎಂದು ಅವನು ಗದರುವುದು, ಎಲ್ಲ ನಮಗೆ ಕೇಳುವಷ್ಟು ಗಟ್ಟಿಯಾಗಿ. ಆಮೇಲೆ ಹಣೆ ಒರೆಸಿಕೊಳ್ಳುತ್ತ ಬಂದು, "ಒಪ್ಪಿಸ್ದೆ ಸಾರ್, ಕಾಲಿಗೆ ಬೀಳೋದೊಂದು ಬಾಕಿ" ಅನ್ನುತ್ತಿದ್ದ. ನಮ್ಮ ಯಜಮಾನರ ಕಣ್ಣು ತೇವವಾಯಿತು. ಅಪರಿಚಿತನೊಬ್ಬ ನಮಗಾಗಿ ಇಷ್ಟು ಕಷ್ಟಪಡುತ್ತಾನಲ್ಲ ಎಂದು ಮನೆಗೆ ಬಂದ ಮೇಲೂ ಹೇಳಿದರು. ಇಬ್ಬರು ಖಾಯಂ ನೌಕರರ ಜಾಮೀನು ಕೇಳಿದ; ಡಿಪಾರ್ಟ್‌ಮೆಂಟಿನ ಇಬ್ಬರು ಕೊಟ್ಟರು. ಸಾಲ ತೀರುವವರೆಗೆ ಆರ್‌ಸಿ ಪುಸ್ತಕದಲ್ಲಿ ಭಾವನ ಹೆಸರು. ಖಾಲಿ ಕಾಗದಗಳಿಗೂ ಸಹಿ ಕೇಳಿದ. ಗ್ಯಾಸ್ಕೆಟ್ಟನ್ನು ವರ್ನಿಯರಿನಲ್ಲಿ ಅಳೆಯುವ ಮನುಷ್ಯ, ಅಲ್ಲಿ ಸರಸರ ಸಹಿ ಹಾಕಿ, "ಇದೆಲ್ಲ ಬರೀ ಫಾರ್ಮಾಲಿಟಿ ಕಣೇ" ಎಂದು ನನಗೇ ಪಾಠ ಹೇಳಿದರು.

ಯಜಮಾನರು ಮೆಚ್ಚಿದ ಅಂಬಾಸಡರಿನ ಪರೀಕ್ಷೆಗೆ ಒಂದು ಭಾನುವಾರ ಇಡೀ ವಿಭಾಗ ಬಂತು. ಹಿರಿಯರು ಅನಂತಯ್ಯನವರು, ಶುದ್ಧ ಬಿಳಿ ಅಂಗಿ, ಜೇಬಿನಲ್ಲಿ ಭೂತಗನ್ನಡಿ. ಕಾರ್ಖಾನೆಯಿಂದ ಗೇಟ್ ಪಾಸ್ ಮಾಡಿಸಿ ತಂದ ಮರದ ಪೆಟ್ಟಿಗೆಯಲ್ಲಿ ಮೈಕ್ರೋಮೀಟರು, ಫೀಲರ್ ಗೇಜು, ಇನ್ನೂ ಏನೇನೋ, ವೆಲ್ವೆಟ್ಟಿನ ಮೇಲೆ ಮಲಗಿದ್ದವು. ನಾನು ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆ. ಮದುವೆಗೆ ಹೆಣ್ಣು ನೋಡುವಾಗ ಇದರ ಅರ್ಧದಷ್ಟು ಜನ ಬಂದಿದ್ದರು.

ಒಳಗೆ ಹೋದ ಕೂಡಲೇ ಅನಂತಯ್ಯನವರಿಗೆ ಶೆಡ್ಡು ಹಿಡಿಸಿಬಿಟ್ಟಿತು. ಮುಂದೊಂದು ಗೇಟು, ಹಿಂದೊಂದು ಗೇಟು. ಕಾರುಗಳು ಒಂದರಲ್ಲಿ ಒಳಗೆ ಬಂದು ಇನ್ನೊಂದರಲ್ಲಿ ಹೊರಗೆ ಹೋಗುತ್ತಿದ್ದವು. "ನೋಡ್ರಯ್ಯ, ಇದು ಸಿಸ್ಟಮ್ ಅಂದ್ರೆ. ಬಂದ ದಾರೀಲಿ ಮಾಲು ವಾಪಸ್ ಹೋಗ್ಬಾರ್ದು. ನಮ್ಮ ಮೆಷಿನ್ ಶಾಪಲ್ಲಿ ಇದನ್ನೇ ಎಷ್ಟು ವರ್ಷದಿಂದ ಬಡ್ಕೋತಿದೀನಿ" ಅಂದರು. ಎಲ್ಲರೂ ತಲೆದೂಗಿದರು. ಗೋವಿಂದರಾಜು ಕೈ ಮುಗಿದು, "ತಮ್ಮಂಥೋರ ಆಶೀರ್ವಾದ ಸಾರ್" ಅಂದ.

ಆಮೇಲೆ ಆರಂಭವಾಯಿತು ಅಳತೆ. ಬಾನೆಟ್ಟಿನೊಳಗೆ ಇಬ್ಬರ ತಲೆ, ಕೆಳಗೆ ಒಬ್ಬರ ಕಾಲು. ಪ್ಲಗ್ಗಿನ ಸಂದು ಅಳೆದರು. ಬ್ರೇಕಿನ ಡ್ರಮ್ಮು ಬಿಚ್ಚಿಸಿ ಅಳೆದರು. ಟೈರು ಸವೆದದ್ದನ್ನು ನಾಲ್ಕು ಕಡೆ ಅಳೆದು ಸರಾಸರಿ ತೆಗೆದರು. ಎಂಜಿನ್ ಚಾಲೂ ಮಾಡಿಸಿ, ಸ್ಕ್ರೂಡ್ರೈವರಿನ ಒಂದು ತುದಿ ಅದಕ್ಕೆ, ಇನ್ನೊಂದು ತುದಿ ಕಿವಿಗೆ ಒತ್ತಿಕೊಂಡು ಅನಂತಯ್ಯನವರು ಕಣ್ಣು ಮುಚ್ಚಿ ನಿಂತಾಗ ಎಲ್ಲರೂ ಉಸಿರು ಬಿಗಿಹಿಡಿದರು. ಗೇರಿನ ಸರದಿ ಬಂತು. ಒಬ್ಬರು ಒಳಗೆ ಕೂತು ಹಿಡಿಯನ್ನು ಒಂದೊಂದೇ ಸ್ಥಾನಕ್ಕೆ ದೂಡಿದರು. "ಫಸ್ಟ್, ಹೋಯ್ತು. ಸೆಕೆಂಡ್, ಹೋಯ್ತು. ಥರ್ಡ್, ಟಾಪ್, ರಿವರ್ಸ್, ಎಲ್ಲಾ ಹೋಯ್ತು." ಅನಂತಯ್ಯನವರು ಎಲ್ಲದಕ್ಕೂ ಟಿಕ್ ಹಾಕಿದರು. ಹಿಡಿ ಹೋಯಿತು, ನಿಜ.

"ಒಂದ್ ರೌಂಡ್ ನೀವೇ ಓಡ್ಸಿ ನೋಡಿ ಸಾರ್" ಎಂದ ಗೋವಿಂದರಾಜು.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ಜನರಲ್ಲಿ ಒಬ್ಬನಿಗೂ ಕಾರು ಓಡಿಸಲು ಬರುತ್ತಿರಲಿಲ್ಲ. ಎಲ್ಲರೂ ಕಾರ್ಖಾನೆಯ ಬಸ್ಸಿನಲ್ಲಿ ಓಡಾಡಿದವರು, ಮಹಾ ಎಂದರೆ ಸ್ಕೂಟರು.

"ಓಡ್ಸೋದು ಯಾರ್ ಬೇಕಾದ್ರೂ ಓಡಿಸ್ತಾರೆ ಕಣ್ರೀ, ನಮ್ಗೆ ಮುಖ್ಯ ಮೆಷರ್‌ಮೆಂಟು" ಎಂದು ಅನಂತಯ್ಯನವರು ವಿಭಾಗದ ಮಾನ ಉಳಿಸಿದರು. ಗೋವಿಂದರಾಜುವಿನ ಡ್ರೈವರ್ ಅವರಲ್ಲಿ ನಾಲ್ವರನ್ನು ಕೂರಿಸಿಕೊಂಡು ಒಂದು ಗೇಟಿನಿಂದ ಹೊರಗೆ ಹೋಗಿ, ಸುತ್ತು ಹಾಕಿ, ಇನ್ನೊಂದು ಗೇಟಿನಿಂದ ಒಳಗೆ ಬಂದ. ಇಳಿದವರ ಮುಖದಲ್ಲಿ ತಿರುಪತಿಗೆ ಹೋಗಿ ಬಂದ ಕಳೆ. ಎಲ್ಲರೂ ಸಹಿ ಹಾಕಿದ ಹಸಿರು ಚೀಟಿಯನ್ನು ಅನಂತಯ್ಯನವರೇ ಸ್ಟಿಯರಿಂಗಿಗೆ ಕಟ್ಟಿದರು. ಪುಳಿಯೋಗರೆಯಲ್ಲಿ ಮಾತ್ರ ಉಪ್ಪು ಒಂದು ಕೂದಲೆಳೆ ಕಡಿಮೆ ಎಂದು ಕಂಡುಹಿಡಿದರು.

ಅದೇ ಡ್ರೈವರ್ ಕಾರನ್ನು ನಮ್ಮ ಮನೆ ಮುಂದೆ ತಂದು ನಿಲ್ಲಿಸಿದ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಕಾರು ಮುಂದಕ್ಕೆ ಹೋಗಿ ಪಚಕ್ಕೆಂದು ತುಳಿಯಿತು. ನಾನು ಆರತಿ ಎತ್ತಿ ಬೀದಿಗೆಲ್ಲ ಸಕ್ಕರೆ ಹಂಚಿದೆ. ಯಜಮಾನರು ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸು ತೆಗೆದುಕೊಂಡರು. ಬಡಾವಣೆಯಲ್ಲಿ ಚಚ್ಚೌಕ ರಸ್ತೆಗಳಾದ್ದರಿಂದ ನಾಲ್ಕು ಸಲ ಎಡಕ್ಕೆ ತಿರುಗಿದರೆ ಮತ್ತೆ ಮನೆ. ನಡುವೆ ಒಂದೆರಡು ಸಲ ರಿವರ್ಸಿಗೆ ಪ್ರಯತ್ನಿಸಿದರಂತೆ. ಕಾರು ಹೂಂಕರಿಸಿ ಅಲ್ಲೇ ನಿಂತಿತಂತೆ. ತಮ್ಮ ಕೈ ಇನ್ನೂ ಕೂತಿಲ್ಲ ಎಂದುಕೊಂಡರು. ಪಾಸಾದ ವಸ್ತುವಿನಲ್ಲಿ ದೋಷವಿರಲು ಹೇಗೆ ಸಾಧ್ಯ?

ಮುಂದಿನದು ನಿಮಗೆ ಗೊತ್ತಾಗಿರಬೇಕು. ಹೊಸ ಸೀರೆ ಉಟ್ಟು, ಮುಂದಿನ ಸೀಟಿನಲ್ಲಿ ಕೂತು ತವರಿಗೆ ಹೋದೆ. ಓಣಿಯೊಳಗೆ ಕಾರು ನುಗ್ಗಿದಾಗ ಊರೇ ಹಿಂದೆ ಬಂತು. ಅವ್ವ ಸೊಪ್ಪಿಗೆ ನೀರು ಹಾಕುತ್ತಿದ್ದವಳು ಬಿಂದಿಗೆ ಇಟ್ಟು ಓಡಿಬಂದಳು. ಕಾರಿನ ಮೂತಿ ಅವಳ ಬೇಲಿಗೆ ಒಂದು ಮೊಳ ದೂರದಲ್ಲಿ ನಿಂತಿತು. ಅವ್ವನ ಮಡಿಯ ಸೊಪ್ಪು ಬೇಯಿಸಿ ಬಸಿದ ಬಸ್ಸಾರು, ಮುದ್ದೆ ಉಂಡೆವು. ನನ್ನ ಜೀವನದಲ್ಲೇ ಮೊದಲ ಸಲ, ಯಾವ ಬಸ್ಸಿಗೆ ವಾಪಸ್ಸು ಎಂದು ಅವ್ವ ಕೇಳಲಿಲ್ಲ.

ಹೊರಡುವಾಗ ಕಾರು ಹೂಂಕರಿಸಿತು. ಮತ್ತೆ ಹೂಂಕರಿಸಿತು. ಯಜಮಾನರ ಕತ್ತಿನಲ್ಲಿ ಬೆವರು.

"ಯಾಕ್ ಬಾವ, ಇಂದಕ್ಕೆ ಓಗಾಕಿಲ್ವಾ?" ಎಂದ ನಮ್ಮಣ್ಣ.

"ಗೇರು ಸ್ವಲ್ಪ ಟೈಟ್ ಇದೆ."

ದೊಡ್ಡಪ್ಪ ಕೊಟ್ಟಿಗೆ ಜಗಲಿಯಿಂದಲೇ, "ಎತ್ತಾದ್ರೆ ಇಂದಕ್ಕೂ ಒತ್ತುತದೆ ಕಣ್ಲಾ. ಇಷ್ಟು ದುಡ್ಡು ಸುರ್ದವ್ರೆ, ಇದ್ಕೆ ಅದೂ ಬರಾಕಿಲ್ಲ" ಎಂದ. ಎಲ್ಲರೂ ನಕ್ಕರು. ಅವ್ವನೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಆಮೇಲೆ ಗಂಡಸರೆಲ್ಲ ಬಾನೆಟ್ಟಿಗೆ ಕೈ ಕೊಟ್ಟು ಓಣಿಯ ಉದ್ದಕ್ಕೂ ಕಾರನ್ನು ಹಿಂದಕ್ಕೆ ತಳ್ಳಿದರು. ಯಜಮಾನರು ಸ್ಟಿಯರಿಂಗ್ ಹಿಡಿದು, ಎದುರಿಗೆ ಗಾಜಿನಾಚೆ ತಮ್ಮನ್ನೇ ನೋಡಿ ನಗುತ್ತ ತಳ್ಳುವ ಅಷ್ಟು ಮುಖಗಳನ್ನು ನೋಡುತ್ತ ಕೂತಿದ್ದರು.

ಮನೆಗೆ ಬಂದು ತೀರ್ಪು ಕೊಟ್ಟರು. "ಓಣಿ ಸರಿಯಿಲ್ಲ."

ಕಾರಲ್ಲ, ಓಣಿ! ಕಾರು ತಿರುಗಿಸಲು ಜಾಗವಿಲ್ಲದ ಕಡೆ ಕಾರು ಒಯ್ಯುವುದೇ ತಪ್ಪಂತೆ. ಗೋವಿಂದರಾಜುವನ್ನು ಕೇಳಿ ಅಂದೆ. ಹೇಗೆ ಕೇಳುವುದು, ಎಲ್ಲರೂ ಸಹಿ ಹಾಕಿದ್ದಾರಲ್ಲ ಅಂದರು. ಪೀಣ್ಯದಲ್ಲಿ ಮೆಕ್ಯಾನಿಕ್ಕಿಗೆ ತೋರಿಸಿ ಅಂದೆ. ಗೇರಿನ ಡಬ್ಬ ಬಿಚ್ಚಿದರೆ ಮಧ್ಯಾಹ್ನದೊಳಗೆ ಕ್ಯಾಂಟೀನಿಗೆ ಸುದ್ದಿ ಹೋಗುತ್ತದೆ, ಇನ್‌ಸ್ಪೆಕ್ಷನ್‌ನವರೆಲ್ಲ ಸೇರಿ ರಿವರ್ಸ್ ಇಲ್ಲದ ಕಾರು ಪಾಸು ಮಾಡಿದರು ಎಂದು ಮೆಷಿನ್ ಶಾಪಿನವರು ಪಟಾಕಿ ಹೊಡೆಯುತ್ತಾರೆ, ಅನಂತಯ್ಯನವರು ಮುಖ ಎತ್ತಿ ಓಡಾಡುವ ಹಾಗಿಲ್ಲ ಅಂದರು. ಅನಂತಯ್ಯನವರ ಮುಖಕ್ಕೆ ನನ್ನ ಚೀಟಿ ದುಡ್ಡು, ನನ್ನ ತವರು ಎರಡೂ ಸಮವಾಗಲಿಲ್ಲ.

ಅಲ್ಲಿಂದ ನಮ್ಮದು ಮುಂದಕ್ಕೆ ಮಾತ್ರ ಹೋಗುವ ಸಂಸಾರ. ಹೂಡಿಯಲ್ಲಿ ಒಂದು ಮದುವೆಗೆ ಹೋದೆವು, ಛತ್ರಕ್ಕೆ ಎರಡು ಗೇಟು ಇವೆ ಎಂದು ವಿಚಾರಿಸಿಕೊಂಡು. ದೊಡ್ಡನೆಕ್ಕುಂದಿಯಲ್ಲಿ ಅವರ ಚಿಕ್ಕಮ್ಮನ ಮನೆ ಮೂಲೆಯ ಮನೆ, ಎರಡು ಕಡೆ ರಸ್ತೆ. ಆ ಮುದುಕಿಯನ್ನು ಕಂಡರೆ ಇವರಿಗೂ ಆಗುತ್ತಿರಲಿಲ್ಲ, ಆದರೂ ತಿಂಗಳಿಗೊಮ್ಮೆ ಅಲ್ಲಿಗೆ ಸವಾರಿ. ನಮ್ಮ ಮೂತಿಗೆ ಅಡ್ಡ ಯಾರಾದರೂ ಗಾಡಿ ನಿಲ್ಲಿಸಿಬಿಟ್ಟರೆ ಅವರು ಬರುವವರೆಗೆ ನಾವು ಕಾರಿನೊಳಗೇ ಕೂತು ಪುರಾಣ ಹೇಳಿಕೊಳ್ಳಬೇಕು. ಪೆಟ್ರೋಲು ಹಾಕಿಸಿ ತಿಂಗಳ ಕಂತು ಕಟ್ಟಿ, ನನ್ನ ತವರೊಂದನ್ನು ಬಿಟ್ಟು ಜಗತ್ತನ್ನೆಲ್ಲ ಸುತ್ತಿದೆವು. ನಾನು ಮತ್ತೆ ಮೂರು ಬಸ್ಸು ಹತ್ತಿದೆ.

ಒಂದು ದಿನ ತಡೆಯಲಾರದೆ ಗೋವಿಂದರಾಜುವಿನ ಶೆಡ್ಡಿಗೆ ನಾನೇ ಹೋದೆ. ಬಾಯಿಗೆ ಬಂದದ್ದು ಅಂದೆ. ಅವನು ಕುರ್ಚಿ ಎಳೆದು, ಸೋಡಾ ತರಿಸಿದ.

"ಅಕ್ಕ, ನಿಮ್ ಯಜಮಾನ್ರು ಎಲ್ಲಾ ಅಳೆದ್ರು. ಹಿಂದಕ್ಕೆ ಹೋಗತ್ತಾ ಅಂತ ಒಬ್ರಾದ್ರೂ ಕೇಳಿದ್ರಾ? ಕೇಳಿದ್ದಿದ್ರೆ ನಾನು ಸುಳ್ಳು ಹೇಳೋನಲ್ಲ."

"ನಾಚ್ಕೆ ಆಗಲ್ವಾ ನಿನಗೆ?"

"ದೊಡ್ಡ ದೊಡ್ಡ ಇಂಜಿನಿಯರ್‌ಗಳು ಪಾಸ್ ಮಾಡಿದ್ದನ್ನ ನಾನು ಫೇಲು ಅನ್ನಕಾಗತ್ತಾ ಅಕ್ಕ? ಒಳಗೆ ಒಂದ್ ಚಿಕ್ ಚಕ್ರದ ಹಲ್ಲು ಹೋಗಿದೆ ಅಷ್ಟೇ. ಒಂದಿನದ ಕೆಲ್ಸ. ಕಳಿಸ್ಕೊಡಿ, ಮಾಡಿಸ್ಕೊಡ್ತೀನಿ."

ಕಳ್ಳನೇ. ಆದರೆ ಕಳ್ಳನಿಗೆ ಗೊತ್ತಿದ್ದ ಒಂದು ದಿನದ ಕೆಲಸವನ್ನು ನಮ್ಮ ಮನೆಯ ಸತ್ಯಸಂಧರು ಮಾಡಿಸಲಿಲ್ಲ. ನಾನು ಅಲ್ಲಿಗೆ ಹೋದದ್ದಕ್ಕೆ ಎರಡು ದಿನ ಮಾತು ಬಿಟ್ಟರು.

ಇತ್ತ ಬೆಳ್ಳಂದೂರಿನಲ್ಲಿ ಬೇರೆಯೇ ಕಥೆ ಬೆಳೆಯುತ್ತಿತ್ತು. ಅಳಿಯ ಮುನಿಸಿಕೊಂಡಿದ್ದಾನೆ ಎಂದು ಓಣಿಯಲ್ಲೆಲ್ಲ ಮಾತು. ನಾನು ಬಸ್ಸಿನಲ್ಲಿ ಹೋದಾಗಲೆಲ್ಲ ಅವ್ವ ಕೇಳುತ್ತಿದ್ದಳು. "ಅವತ್ತು ನಗಬಾರ್ದಿತ್ತು ಕಣವ್ವ. ನಾನೂ ನಕ್ಬುಟ್ಟೆ. ಅಳಿಯಂದ್ರು ಅದ್ನ ಮನ್ಸಿಗೆ ಅಚ್ಕಂಡವ್ರೆ." ಒಂದು ಸಲ ಅಳುವುದಕ್ಕೇ ಶುರು ಮಾಡಿದಳು. ತಾನು ನಕ್ಕದ್ದರಿಂದ ಮಗಳ ಸಂಸಾರದಲ್ಲಿ ಏನೋ ಹುಳುಕಾಗಿದೆ ಎಂದು ಅವಳಿಗೆ. ಕಾರು ಕೆಟ್ಟಿದೆ ಎಂದು ಯಾರಿಗೂ ಹೇಳಕೂಡದೆಂದು ಯಜಮಾನರು ನನ್ನಿಂದ ಭಾಷೆ ತೆಗೆದುಕೊಂಡಿದ್ದರು. "ಅಂಥಾದ್ದೇನಿಲ್ಲವ್ವ, ಇಲ್ಲಿ ಕಾರು ತಿರುಗಿಸೋಕೆ ಜಾಗ ಇಲ್ಲ, ಅದಕ್ಕೆ ಬರಲ್ಲ" ಎಂದು ಅವರು ಹೇಳಿಕೊಟ್ಟದ್ದನ್ನೇ ಒಪ್ಪಿಸಿದೆ. ಅವ್ವ ಕಣ್ಣೊರೆಸಿಕೊಂಡಳು. "ಅಷ್ಟೇನಾ?" ಅಂದಳು.

ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ತಂದ. ಮೊರ ಕೈಗೆ ಕೊಟ್ಟು, "ಅವ್ವ ಯೋಳವ್ಳೆ, ಜಾಗ ಆಗೈತಂತೆ. ಬಾವನ್ನ ಕಾರಲ್ಲೇ ಕರ್ಕಂಡು ಬರ್ಬೇಕಂತೆ" ಎಂದ. ಎಂಥ ಜಾಗ ಎಂದು ಕೇಳಿದರೆ ಬಾಯಿ ಬಿಡಲಿಲ್ಲ.

ಹಬ್ಬ ಕಳೆದ ಭಾನುವಾರ ಹೋದೆವು. ಓಣಿಯ ಕೊನೆಯಲ್ಲಿ ಬೇಲಿ ಇರಲಿಲ್ಲ. ಮಡಿಗಳಿರಲಿಲ್ಲ. ದಂಟಿಲ್ಲ, ಹರಿವೆಯಿಲ್ಲ. ಏರಿಯ ಬುಡದವರೆಗೆ ನೆಲವನ್ನು ಸಮ ಮಾಡಿ, ಜಲ್ಲಿ ಮಣ್ಣು ಹಾಕಿ, ಕಣದ ಹಾಗೆ ಗಟ್ಟಿಸಿದ್ದರು. ಅವ್ವ ನೀರು ಚಿಮುಕಿಸಿ ಒಂದು ರಂಗೋಲಿಯನ್ನೂ ಹಾಕಿದ್ದಳು. ನಮ್ಮ ಯಜಮಾನರಿಗೆ ಅದು ಯಾವುದೂ ಕಾಣಲಿಲ್ಲ. ಆ ನೆಲದ ಮೇಲೆ ಒಂದೇ ಸುತ್ತಿನಲ್ಲಿ ಕಾರು ತಿರುಗಿಸಿ ಮೂತಿ ರಸ್ತೆ ಕಡೆ ಮಾಡಿ ನಿಲ್ಲಿಸಿದರು. ಇಳಿದು, ಹೆಜ್ಜೆ ಹಾಕಿ ಅಡ್ಡ ಉದ್ದ ಅಳೆದರು. "ಕರೆಕ್ಟಾಗಿದೆ ಕಣೇ. ಇನ್ನೂ ಒಂದಡಿ ಮಿಕ್ಕಿದೆ" ಎಂದರು. ಈ ಜನ್ಮದಲ್ಲಿ ಅವರ ಮೇಲೆ ನನಗೆ ಎಷ್ಟೋ ಸಲ ಸಿಟ್ಟು ಬಂದಿದೆ. ಆ ಹೊತ್ತಿನಲ್ಲಿ ಬಂದದ್ದು ಹೇಸಿಗೆ.

ಊಟಕ್ಕೆ ಕೂತರು. ಎಲೆಗೆ ಬಸ್ಸಾರು ಬಿತ್ತು. ಒಂದು ತುತ್ತು ಉಂಡು, ಅಭ್ಯಾಸಬಲ, "ಇವತ್ತು ಸಾರು ಯಾಕೋ ಬೇರೆ ಥರ ಇದೆ" ಎಂದರು.

"ಸೊಪ್ಪು ಸಂತೇದು ಬಾವ, ಬಾಡೋಗಿತ್ತು" ಎಂದ ಅಣ್ಣ.

ಅವರು ಬಾಗಿಲಿನಿಂದಾಚೆ ನೋಡಿದರು. ಗಟ್ಟಿಸಿದ ನೆಲ, ಅದರ ಮೇಲೆ ಟೈರಿನ ಗುರುತು. ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. ಆಮೇಲೆ ಎಲೆಯಲ್ಲಿದ್ದದ್ದನ್ನು ತಲೆ ಎತ್ತದೆ ಉಂಡರು.

ಅದೇ ವಾರ ರಜ ಹಾಕಿದರು. ಅವರ ಪರಿಚಯದವರು ಯಾರೂ ಇಲ್ಲದ ಕಡೆ, ಊರಿನ ಇನ್ನೊಂದು ತುದಿಗೆ ಕಾರು ಒಯ್ದರು. ಬೆಳಗ್ಗೆ ಬಿಟ್ಟ ಕಾರು ಸಂಜೆ ಕೈಗೆ ಬಂತು. ಗೋವಿಂದರಾಜು ಹೇಳಿದ್ದು ನಿಜವೇ ಆಗಿತ್ತು. ಡಿಪಾರ್ಟ್‌ಮೆಂಟಿಗೆ ಹೇಳಿದರೋ ಇಲ್ಲವೋ, ನಾನು ಕೇಳಲಿಲ್ಲ.

ಮುಂದಿನ ಭಾನುವಾರ ಬೆಳ್ಳಂದೂರಿಗೆ ಹೋದಾಗ ಓಣಿಯ ಬಾಯಲ್ಲಿ ಕಾರು ನಿಲ್ಲಿಸಿ, ತಿರುಗಿಸಿ, ಕತ್ತು ಹಿಂದಕ್ಕೆ ಹೊರಳಿಸಿಕೊಂಡು, ಇಡೀ ಓಣಿಯನ್ನು ರಿವರ್ಸಿನಲ್ಲೇ ಬಂದರು. ಗೋಡೆಗೆ ಎಲ್ಲೂ ತಾಗಿಸಲಿಲ್ಲ. ಮನೆ ಬಾಗಿಲಿಗೆ ಸರಿಯಾಗಿ ನಿಲ್ಲಿಸಿ ಇಳಿದು ನಿಂತರು. ಅವ್ವ ಆ ಗಟ್ಟಿ ನೆಲದ ಒಂದು ಮೂಲೆಯನ್ನು ಗುದ್ದಲಿಯಿಂದ ಕೆದಕುತ್ತಿದ್ದಳು. ನಾಲ್ಕು ಕಡ್ಡಿ ಕೊತ್ತಂಬರಿಯಾದರೂ ಬರುತ್ತದೋ ನೋಡೋಣವೆಂದು. ಜಲ್ಲಿಗೆ ಬಡಿದು ಗುದ್ದಲಿ ಠಣ್ ಎನ್ನುತ್ತಿತ್ತು. ಎದ್ದು ಸೆರಗು ಸರಿಮಾಡಿಕೊಂಡಳು. ಅಳಿಯನ ಜೊತೆ ನೇರವಾಗಿ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ನನ್ನನ್ನೇ ಕೇಳಿದಳು.

"ಇದು ಇಂದಕ್ಕೂ ಬತ್ತದಾ ಜಯಾ?"

"ಈಗ ಬರುತ್ತವ್ವ. ರಿಪೇರಿ ಮಾಡ್ಸಿದ್ರು."

"ಎಷ್ಟ್ ದಿನ ಇಡೀತು?"

"ಒಂದಿನ."

ಅವ್ವ ಕಾರನ್ನು ನೋಡಿದಳು, ಕಾಲ ಕೆಳಗಿನ ನೆಲವನ್ನು ನೋಡಿದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಕೆಟ್ಟೈತೆ ಅಂತ ಒಂದ್ ಮಾತು ಅಂದಿದ್ರೆ ನನ್ ಸೊಪ್ಪು ಉಳ್ಕತಿತ್ತು ಅಂತ ಯೋಳವ್ವ ಅವ್ರಿಗೆ" 

ಅಷ್ಟು ಹೇಳಿ ಅವ್ವ ಕೈಕಾಲು ತೊಳೆಯಲು ಹೋದಳು. ಯಜಮಾನರು ನನ್ನ ಪಕ್ಕದಲ್ಲೇ ನಿಂತಿದ್ದರು. ನಾನು ಬೇರೆ ಹೇಳಬೇಕಾಗಿರಲಿಲ್ಲ.